ಬಾಟಲಿ ಕೂತ ಕುರ್ಚಿ

ಆ ಓದುಮನೆಯಲ್ಲಿ ಬಾಟಲಿಗೂ ಕೂರಲು ಕುರ್ಚಿ ಇತ್ತು. ಕಸ ಗುಡಿಸುವವಳಿಗೆ ಇರಲಿಲ್ಲ.

ಓದುಮನೆ ಎಂದರೆ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರು ತಿಂಗಳ ಬಾಡಿಗೆ ಕಟ್ಟಿ ಕುರ್ಚಿ ಹಿಡಿಯುವ ಜಾಗ. ಕೆಳಗೆ ಮೊಳೆ, ತಂತಿ, ಪೇಂಟ್ ಮಾರುವ ಅಂಗಡಿ. ಮೇಲೆ ಉದ್ದನೆಯ ಒಂದೇ ಕೋಣೆ. ಎರಡು ಗೋಡೆಗೂ ಮುಖ ಮಾಡಿದ ಮೇಜುಗಳು, ಮೇಜು ಮೇಜಿನ ನಡುವೆ ಹಲಗೆಯ ಮರೆ. ಹೊರಗೆ ಮೆಟ್ಟಿಲು, ಮೆಟ್ಟಿಲ ಮೇಲೆ ಚಪ್ಪಲಿಗಳು. ಬಾಡಿಗೆ ಕಟ್ಟಿದವರು ಇಲ್ಲದ ಹೊತ್ತಿನಲ್ಲಿ ಅವರ ಕುರ್ಚಿಯಲ್ಲಿ ಬೇರೆಯವರು ಕೂರಬಹುದಿತ್ತು. ಆದರೆ ಕುರ್ಚಿಯ ಮೇಲೆ ನೀರಿನ ಬಾಟಲಿ ಇಟ್ಟು ಹೋಗಿದ್ದರೆ, ಈಗ ಬಂದೆ, ಯಾರೂ ಕೂರಬೇಡಿ ಎಂದು ಅರ್ಥ. ಯಾರು ಮಾಡಿದ ಕಾನೂನೋ ಗೊತ್ತಿಲ್ಲ. ಸರ್ಕಾರದ ಕಾನೂನನ್ನು ಬಾಯಿಪಾಠ ಮಾಡಲು ಒದ್ದಾಡುವವರೆಲ್ಲ ಈ ಕಾನೂನನ್ನು ಮಾತ್ರ ತಪ್ಪದೆ ಪಾಲಿಸುತ್ತಿದ್ದರು.

ಗುಡಿಸುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಲ್ಲಿ ಓದುವ ಅರ್ಧ ಜನ ಅವಳಿಗಿಂತ ದೊಡ್ಡವರು. ಆದರೂ ಅವಳು ಅಕ್ಕ. ಚಹಾ ಚೆಲ್ಲಿದರೆ ಅಕ್ಕಾ. ಫ್ಯಾನ್ ನಿಂತರೆ ಅಕ್ಕಾ. ಪಾಯಿಖಾನೆ ಕಟ್ಟಿಕೊಂಡರೆ ಮೂಗು ಹಿಡಿದುಕೊಂಡು, ಮೆಲ್ಲಗೆ, ಅಕ್ಕಾ. ಅವಳೂ ವಿಜ್ಞಾನದಲ್ಲಿ ಪದವಿ ಮುಗಿಸಿದವಳು, ಅವರು ಬರೆಯುವ ಪರೀಕ್ಷೆಗೇ ಅರ್ಜಿ ಹಾಕಿದವಳು ಎಂಬುದು ಓದುಮನೆ ನಡೆಸುವ ಮೇಷ್ಟ್ರಿಗೆ ಗೊತ್ತಿತ್ತು. ಕೆಲಸ ಕೇಳಿಕೊಂಡು ಬಂದ ದಿನವೇ ಹೇಳಿದ್ದಳು. ಮೇಷ್ಟ್ರು ನಿವೃತ್ತರಾದ ಮೇಲೂ ಪಾಠದ ದನಿ ಬಿಡದವರು. ಸಂಬಳ ಕಡಿಮೆಯೇ, ಆದರೆ ಖಾಲಿ ಇರೋ ಕುರ್ಚೀಲಿ ಕೂತು ಓದ್ಕೋಬಹುದು, ಬೇರೆ ಯಾರು ಕೊಡ್ತಾರೆ ಹೇಳು ಅಂದಿದ್ದರು. ಅವಳು ಕೈ ಮುಗಿದಿದ್ದಳು. ಆ ಕೈ ಮುಗಿದದ್ದು ಆಮೇಲೆ ಬಹಳ ದಿನ ಅವಳನ್ನು ಚುಚ್ಚಿತು.

ಮನೆಯಲ್ಲಿ ಓದುವ ಹಾಗಿರಲಿಲ್ಲ. ಇರುವುದು ಒಂದು ಕೋಣೆ. ತಮ್ಮ ರಾತ್ರಿ ಪಾಳಿಯ ಕಾವಲುಗಾರ, ಹಗಲೆಲ್ಲ ಮಲಗುತ್ತಾನೆ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ರಕ್ತ, ಕೀವು ಹತ್ತಿದ ಹಾಸಿಗೆಬಟ್ಟೆ ಕುಕ್ಕಿ ಬಂದು, ಕತ್ತಲಾಗುತ್ತಲೇ ಬಿದ್ದುಕೊಳ್ಳುತ್ತಾಳೆ. ದೀಪ ಹಾಕಿದರೆ ಒಬ್ಬರಲ್ಲ ಒಬ್ಬರ ನಿದ್ದೆ ಕೆಡುತ್ತದೆ. ಹಾಗಾಗಿ ಅವಳ ಓದೆಲ್ಲ ಓದುಮನೆಯದೇ.

ಅಲ್ಲಿ ಅವಳು ತನ್ನದೊಂದು ದಿನಚರಿ ಕಟ್ಟಿಕೊಂಡಳು. ಬೇರೆಯವರ ಗೈರುಹಾಜರಿಯಿಂದ ಹೆಣೆದ ದಿನಚರಿ ಅದು. ಬಾಗಿಲ ಪಕ್ಕದ ಗಡ್ಡದವನು ಬೆಳಗ್ಗೆ ತಡವಾಗಿ ಏಳುತ್ತಾನೆ. ಅವನು ಬರುವ ತನಕ ಅವನ ಕುರ್ಚಿಯಲ್ಲಿ ಗಣಿತ. ಬಣ್ಣದ ಪೆನ್ನಿನ ಹುಡುಗಿಯನ್ನು ಮಧ್ಯಾಹ್ನ ಊಟಕ್ಕೆ ಕರೆದೊಯ್ಯಲು ಮನೆಯಿಂದ ಕಾರು ಬರುತ್ತದೆ. ಅವಳು ಉಂಡು ಬರುವ ತನಕ ಇತಿಹಾಸ. ಫ್ಯಾನಿನ ಕೆಳಗೆ ಅಕ್ಕಪಕ್ಕ ಕೂರುವ ಗಂಡ ಹೆಂಡತಿ ಜಗಳವಾಡಿದ ದಿನ ಇಬ್ಬರೂ ಬರುವುದಿಲ್ಲ. ಅವತ್ತು ಅವಳಿಗೆ ಸುಗ್ಗಿ. ಆ ಪಾಪದವರು ಇನ್ನೊಂದು ಸಲ ಕಚ್ಚಾಡಲಿ ಎಂದು ಮನಸ್ಸಿನಲ್ಲೇ ಹಾರೈಸಿದ್ದೂ ಉಂಟು. ಕುರ್ಚಿಯ ಯಜಮಾನರು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಯಾರೆಂದು ತಿಳಿದು, ಪುಸ್ತಕ ಎತ್ತಿಕೊಂಡು, ಬಾಗಿಲ ಹತ್ತಿರ ಪೊರಕೆ ಹಿಡಿದು ನಿಲ್ಲುತ್ತಿದ್ದಳು. ಲೆಕ್ಕದ ಅರ್ಧ ಕುರ್ಚಿಯಲ್ಲಿ, ಉಳಿದರ್ಧ ಪಾಯಿಖಾನೆ ತಿಕ್ಕುತ್ತ ತಲೆಯೊಳಗೆ. ತಿಕ್ಕಿ ಮುಗಿಯುವಾಗ ಮೊದಲರ್ಧ ಮರೆತಿರುತ್ತಿತ್ತು. ನನ್ನ ತಲೆಯೇ ಮಂದ ಎಂದು ಅವಳು ನಂಬಿಕೊಂಡಿದ್ದಳು. ಹಿಂದಿನ ಸಲದ ಪರೀಕ್ಷೆ ಸ್ವಲ್ಪದರಲ್ಲಿ ತಪ್ಪಿಹೋಗಿತ್ತು. ಅದಕ್ಕೂ ಆ ಮಂದ ತಲೆಯನ್ನೇ ಬೈದುಕೊಂಡಿದ್ದಳು.

ಈ ಸಲ ತಪ್ಪಿದರೆ ಮುಂದಿನ ಸಲ ಇರಲಿಲ್ಲ. ಅಮ್ಮ ಒಗೆಯುವ ಮನೆಯ ಮೇಲ್ವಿಚಾರಕನ ಕೈಕಾಲು ಹಿಡಿದು ಮಗಳಿಗೊಂದು ಜಾಗ ಹೇಳಿಟ್ಟಿದ್ದಳು. ಪರೀಕ್ಷೆ ಆಗಲಿ, ನೌಕರಿ ಬಂತೋ ಸರಿ, ಬರಲಿಲ್ಲವೋ ಬಕೆಟ್ ಹಿಡಿ ಎಂದು ಮಾತು. ಅಮ್ಮನ ಬೆರಳುಗಳ ಸಂದಿಯಲ್ಲಿ ಕ್ಷಾರ ತಿಂದು ತಿಂದು ಚರ್ಮ ಉಳಿದಿರಲಿಲ್ಲ. ಉಣ್ಣುವಾಗ ಉಪ್ಪು ತಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆ ಕೈ ನೋಡಿದಾಗಲೆಲ್ಲ ಮಗಳು ತನ್ನ ಕೈ ನೋಡಿಕೊಳ್ಳುತ್ತಿದ್ದಳು.

ಹೊಟ್ಟೆಕಿಚ್ಚು ಇತ್ತೇ ಎಂದರೆ, ಇತ್ತು. ಅವಳಿಗೆ ಓದುವವರನ್ನು ಕಂಡರೆ ಅಷ್ಟು ಉರಿಯುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತೂ ಓದದವರನ್ನು ಕಂಡರೆ ಉರಿಯುತ್ತಿತ್ತು. ಬಣ್ಣದ ಪೆನ್ನಿನ ಹುಡುಗಿ ಪುಸ್ತಕದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಮೇಜಿನ ಮೇಲೆ ಬೀಳುವ ಅವಳ ಜೊಲ್ಲನ್ನು ಸಂಜೆ ಇವಳು ಒರೆಸುತ್ತಿದ್ದಳು. ಕೂತು ಕೂತು ಬೇಜಾರಪ್ಪಾ ಎಂದು ಯಾರಾದರೂ ಮೈ ಮುರಿದರೆ, ಆ ಬೇಜಾರಿನ ಮೇಲೂ ಇವಳ ಕಣ್ಣು. ತನಗೆ ಯಾವತ್ತು ಅಂಥ ಬೇಜಾರು ಬರುವುದು ಎಂದು ಆಸೆಪಡುತ್ತಿದ್ದಳು. ಒಮ್ಮೆ ನೆಲಕ್ಕೆ ಬಿದ್ದಿದ್ದ ಹುಡುಗಿಯ ಹಸಿರು ಪೆನ್ನನ್ನು ಎತ್ತಿಡದೆ ಬೇಕೆಂದೇ ಕಸದ ಜೊತೆ ಗುಡಿಸಿಬಿಟ್ಟಳು. ಹುಡುಗಿ ಮೇಜಿನ ಕೆಳಗೊಮ್ಮೆ ಬಗ್ಗಿ ನೋಡಿ ಸುಮ್ಮನಾದಳು. ಮರುದಿನ ಹೊಸದು ತಂದಳು. ಅಳಲಿಲ್ಲ, ಯಾರನ್ನೂ ಕೇಳಲಿಲ್ಲ. ಅದಕ್ಕೆ ಇನ್ನೂ ಉರಿಯಿತು.

ಆದರೆ ಇದೆಲ್ಲ ಕಿಡಿ. ಬೆಂಕಿ ಇದ್ದದ್ದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ.

ಅದು ಸಾಹೇಬ್ರ ಕುರ್ಚಿ. ಹುದ್ದೆ ಇನ್ನೂ ಸಿಕ್ಕಿರಲಿಲ್ಲ, ಹೆಸರು ಆಗಲೇ ಸಾಹೇಬ್ರು. ಅಪ್ಪ ದೊಡ್ಡ ಕಚೇರಿಯಲ್ಲಿ ದೊಡ್ಡವರು. ಮಗ ಹಿಂದಿನ ಸಲ ಮೊದಲ ಸುತ್ತು ದಾಟಿದ್ದ. ಓದುಮನೆಯಲ್ಲಿ ಆ ಸಲ ದಾಟಿದವನು ಅವನೊಬ್ಬನೇ. ಅವನ ಭಾವಚಿತ್ರ ಬೀದಿಯ ಫಲಕದಲ್ಲಿತ್ತು. ಹೊಸಬರು ಅದನ್ನು ನೋಡಿಯೇ ಮೆಟ್ಟಿಲು ಹತ್ತುತ್ತಿದ್ದರು. ಅವನು ಸೇರಿದ ದಿನ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡ ದಿನಚರಿಗೆ ಮೇಷ್ಟ್ರು ಗಾಜು ಹಾಕಿಸಿ, ‘ಮಾದರಿ ದಿನಚರಿ’ ಎಂದು ಮೇಲೆ ಬರೆಸಿ, ಗೋಡೆಗೆ ತೂಗುಹಾಕಿದ್ದರು. ಸೂರ್ಯನಿಗಿಂತ ಮೊದಲು ಏಳುವುದು. ಮೊದಲು ಪತ್ರಿಕೆ. ಆಮೇಲೆ ಗಣಿತ. ಊಟದ ನಂತರ ನಿದ್ದೆ ಇಲ್ಲ, ಪುನರಾವರ್ತನೆ. ಆ ಗಾಜನ್ನು ದಿನಾ ಬೆಳಗ್ಗೆ ಒರೆಸುವವಳು ಇವಳು. ಸೂರ್ಯನಿಗಿಂತ ಮೊದಲು ಎದ್ದು ಬಂದು ಒರೆಸುತ್ತಿದ್ದಳು.

ಸಾಹೇಬ್ರು ಬರುತ್ತಿರಲಿಲ್ಲ. ಯಾವಾಗಲೋ ಒಂದು ಸಂಜೆ ಬಂದು, ಹೊಸಬರಿಗೆ ಶಿಸ್ತಿನ ಬಗ್ಗೆ ನಾಲ್ಕು ಮಾತು ಹೇಳಿ, ಮೇಷ್ಟ್ರ ಜೊತೆ ಚಹಾ ಕುಡಿದು ಹೋಗುತ್ತಿದ್ದ. ಉಳಿದ ದಿನವೆಲ್ಲ ಕುರ್ಚಿಯ ಮೇಲೆ ಅವನ ಬಾಟಲಿ. ನೀಲಿ ಬಣ್ಣದ್ದು, ದೊಡ್ಡದು, ಸೊಂಟದಲ್ಲಿ ಒಂದು ತಗ್ಗು. ಬೇರೆಯವರು ಚಹಾಕ್ಕೆ ಹೋಗುವಾಗ ಬಾಟಲಿ ಇಟ್ಟು ಬಂದಕೂಡಲೇ ತೆಗೆದರೆ, ಇವನ ಬಾಟಲಿ ವಾರಗಟ್ಟಲೆ ಅಲ್ಲಾಡದೆ ಕೂತಿರುತ್ತಿತ್ತು. ಬೆಳಗಿನ ಬಿಸಿಲು ನೇರ ಅದರ ಮೈಮೇಲೆ. ಅವಳು ದಿನವೂ ಅದನ್ನು ಎತ್ತಿ, ಕುರ್ಚಿ ಒರೆಸಿ, ಮತ್ತೆ ಅದೇ ಜಾಗದಲ್ಲಿ ಕೂರಿಸುತ್ತಿದ್ದಳು. ಎತ್ತುವಾಗ ಒಳಗೆ ನೀರು ತುಳುಕುತ್ತಿತ್ತು. ಮನುಷ್ಯರು ಒಂದು ಬಾಟಲಿಯ ಮೇಲೆ ಹೊಟ್ಟೆಕಿಚ್ಚು ಪಡುವುದುಂಟೇ ಎಂದು ನೀವು ಕೇಳಬಹುದು. ನಿಂತು ಓದಿದವರು ಕೇಳುವುದಿಲ್ಲ.

ಪರೀಕ್ಷೆಯ ತಾರೀಖು ಹತ್ತಿರ ಬಂದ ಹಾಗೆ ಅವಳ ದಿನಚರಿ ಕುಸಿಯತೊಡಗಿತು. ಕುಸಿಯಲೇಬೇಕಿತ್ತು. ಗಡ್ಡದವನಿಗೆ ಹೆದರಿಕೆ ಹತ್ತಿ ಬೆಳಗ್ಗೆಯೇ ಬರತೊಡಗಿದ. ಹುಡುಗಿಗೆ ಊಟದ ಡಬ್ಬಿಯೇ ಮನೆಯಿಂದ ಬರತೊಡಗಿತು. ಗಂಡ ಹೆಂಡತಿ ಜಗಳ ಬಿಟ್ಟು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳತೊಡಗಿದರು. ಅವರೆಲ್ಲರ ಓದು ಹೆಚ್ಚಾದಷ್ಟೂ ಇವಳದು ಕಡಿಮೆಯಾಯಿತು. ಹಾಜರಿ ತುಂಬಿದ್ದರಿಂದ ಕಸವೂ ಹೆಚ್ಚು, ಚಹಾ ಲೋಟಗಳೂ ಹೆಚ್ಚು, ಪಾಯಿಖಾನೆಗೆ ಎರಡು ಹೊತ್ತು ಹೆಚ್ಚು ನೀರು. ಇಡೀ ಕೋಣೆಯಲ್ಲಿ ಖಾಲಿ ಉಳಿದದ್ದು ಒಂದೇ ಕುರ್ಚಿ.

ಅವಳು ಮೇಷ್ಟ್ರನ್ನು ಕೇಳಿದಳು. ಅವರು ಬರೋ ತನಕ ಅಲ್ಲಿ ಕೂತ್ಕೊಳ್ಳಲಾ, ಬಂದ ತಕ್ಷಣ ಏಳ್ತೀನಿ ಎಂದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಾಟಲಿ ಇದೆಯಲ್ಲಮ್ಮ ಎಂದರು. ಬಾಟಲಿ ಯಾವಾಗ್ಲೂ ಇರುತ್ತೆ ಮೇಷ್ಟ್ರೇ ಎಂದಳು. ಅದಕ್ಕೆ ಅವರು ದನಿ ತಗ್ಗಿಸಿದರು.

“ನೋಡು, ನಂಗೇನೂ ಇಲ್ಲ. ಆದ್ರೆ ಒಂದಿಬ್ಬರು ಬಂದು ಹೇಳಿದ್ದಾರೆ. ನೀನು ಕೂತು ಎದ್ದ ಮೇಲೆ ಕುರ್ಚಿ ಫಿನಾಯಿಲ್ ವಾಸನೆ ಬರುತ್ತಂತೆ. ಓದೋಕೆ ಆಗಲ್ವಂತೆ. ಸ್ವಲ್ಪ ದಿನ ಮೆಟ್ಟಿಲ ಮೇಲೆ ಕೂತ್ಕೋ. ಗಾಳಿನೂ ಚೆನ್ನಾಗಿರುತ್ತೆ.”

ಫಿನಾಯಿಲ್ ತರಿಸಿದವರು ಅವರೇ. ಇನ್ನೂ ಸ್ವಲ್ಪ ಜಾಸ್ತಿ ಹಾಕು ಎಂದು ದಿನಾ ಹೇಳುವವರೂ ಅವರೇ. ಅವಳು ಪುಸ್ತಕ ಎತ್ತಿಕೊಂಡು ಮೆಟ್ಟಿಲಿಗೆ ಹೋದಳು.

ಮೆಟ್ಟಿಲ ಮೇಲೆ ಚಪ್ಪಲಿಗಳ ನಡುವೆ ಕೂತು ಓದಿದಳು. ಹತ್ತುವವರಿಗೆ ಮೊಣಕಾಲು ಮಡಚಬೇಕು. ಇಳಿಯುವವರಿಗೆ ಗೋಡೆಗೆ ಒರಗಬೇಕು. ಬೆವರಿದ ಚರ್ಮದ ನಾತ. ಕೆಳಗಿನ ಅಂಗಡಿಯಲ್ಲಿ ಕಬ್ಬಿಣ ಕತ್ತರಿಸುವ ಸದ್ದು ಹಲ್ಲಿಗೆ ತಾಗುತ್ತಿತ್ತು. ಅಕ್ಕಾ ಸ್ವಲ್ಪ, ಎಂದು ಒಬ್ಬ ಅವಳ ಪುಸ್ತಕದ ಅಂಚಿನ ಕೆಳಗಿಂದ ತನ್ನ ಬೂಟು ಎಳೆದುಕೊಂಡ. ಪುಟದ ಮೇಲೆ ಮಣ್ಣಿನ ಗೀರು ಬಿತ್ತು. ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು. ತಲೆ ಎತ್ತಿದರೆ ತೆರೆದ ಬಾಗಿಲಿನಿಂದ ಕಿಟಕಿಯ ಕುರ್ಚಿ ನೇರ ಕಾಣುತ್ತಿತ್ತು. ಬಾಟಲಿ ಬಿಸಿಲಲ್ಲಿ ಕಾಲು ಚಾಚಿ ಕೂತ ಹಾಗಿತ್ತು.

ಉಣ್ಣುವಾಗ ಅಮ್ಮನಿಗೆ ಹೇಳಿದಳು. ಹೊಟ್ಟೆ ಉರಿಯುತ್ತೆ ಕಣಮ್ಮ ಎಂದಳು. ಅಮ್ಮ ಸೀಳಿದ ಬೆರಳನ್ನು ನೆಕ್ಕುತ್ತ ನಕ್ಕಳು.

“ಆ ಉರೀಲಿ ನೀರು ಕಾಯುತ್ತಾ ನೋಡೆ. ಕಾದ್ರೆ ನಂಗೊಂದು ಚೊಂಬು ಕೊಡು, ಕೈ ಅದ್ದಿಕೊಳ್ತೀನಿ.” ಆಮೇಲೆ ನಗು ನಿಲ್ಲಿಸಿ, “ಕುರ್ಚಿ ಕೊಡದಿದ್ರೆ ಬಿಡು. ಒಗೆಯೋ ಮನೇಲೂ ನಿಂತೇ ಇರ್ಬೇಕು. ಈಗಲೇ ರೂಢಿಯಾಗ್ಲಿ,” ಎಂದಳು.

ಅದು ಕುಹಕವೋ ಸಮಾಧಾನವೋ ಮಗಳಿಗೆ ತಿಳಿಯಲಿಲ್ಲ.

ಮರುದಿನ ಒಂದು ಘಟನೆ ನಡೆಯಿತು. ಕೋಣೆ ತುಂಬಿತ್ತು. ಯಾರೋ ಪೆನ್ಸಿಲ್ ಕೆತ್ತಿ ಸಿಪ್ಪೆ ಹಾರಿಸಿದ್ದರಿಂದ ಅವಳು ಮತ್ತೊಮ್ಮೆ ಗುಡಿಸಲು ಒಳಗೆ ಬಂದಳು. ಬಗ್ಗಿ, ತಲೆ ತಗ್ಗಿಸಿ, ಸಾಲು ಹಿಡಿದು ಗುಡಿಸುತ್ತ ಹೋದಳು. ಪ್ರತಿ ಕುರ್ಚಿಯ ಹತ್ತಿರ ಹೇಳುವ ಮಾತು ಒಂದೇ. ಕಾಲು ಎತ್ತಿ. ಅವರು ಪುಸ್ತಕದಿಂದ ಕಣ್ಣು ತೆಗೆಯದೆ ಕಾಲು ಎತ್ತುತ್ತಾರೆ. ಪೊರಕೆ ಆಡುತ್ತದೆ. ಕಾಲು ಇಳಿಯುತ್ತದೆ. ಕಾಲು ಎತ್ತಿ. ಎತ್ತಿದರು. ಕಾಲು ಎತ್ತಿ. ಎತ್ತಿದರು. ಅವಳ ತಲೆಯಲ್ಲಿ ಮೆಟ್ಟಿಲ ಮೇಲೆ ಬಿಟ್ಟು ಬಂದ ಲೆಕ್ಕ ಸುತ್ತುತ್ತಿತ್ತು. ಕಾಲು ಎತ್ತಿ ಎಂದಳು. ಎತ್ತಲಿಲ್ಲ. ಕಾದಳು. ಸೊಂಟ ನೋಯುತ್ತಿತ್ತು. ಸ್ವಲ್ಪ ಕಾಲು ಎತ್ತಿ ಸಾರ್ ಎಂದಳು, ಇನ್ನೂ ಮೆತ್ತಗೆ. ಮತ್ತೆ ಕಾದಳು.

ತಲೆ ಎತ್ತಿದಳು. ಎದುರಿಗೆ ನೀಲಿ ಬಾಟಲಿ.

ಮೊದಲು ನಕ್ಕವಳು ಬಣ್ಣದ ಪೆನ್ನಿನ ಹುಡುಗಿ. ಆಮೇಲೆ ಗಡ್ಡದವನು. ಆಮೇಲೆ ಎಲ್ಲರೂ. ಅಕ್ಕ ಬಾಟಲಿಗೂ ಸಾರ್ ಅಂದ್ರು ಎಂದು ಯಾರೋ ಹೇಳಿದರು. ಮೇಷ್ಟ್ರು ಕೂಡ ಮೀಸೆಯಡಿ ನಕ್ಕು, ಸೈಲೆನ್ಸ್ ಎಂದರು. ಅವಳೂ ನಕ್ಕಳು. ಬಾಯಿ ತಾನಾಗಿ ನಕ್ಕಿತು. ನಗುತ್ತಲೇ ಗುಡಿಸಿ ಮುಗಿಸಿ, ಪಾಯಿಖಾನೆಗೆ ಹೋಗಿ ಚಿಲಕ ಹಾಕಿಕೊಂಡಳು. ಅಲ್ಲಿ ಬಾಯಿ ಮುಚ್ಚಲು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನೇ ತುರುಕಿಕೊಂಡಳು.

ಅವರು ನಕ್ಕದ್ದು ದೊಡ್ಡದಾಗಿರಲಿಲ್ಲ. ತಾನು ಕಾದದ್ದು ದೊಡ್ಡದಾಗಿತ್ತು. ಬಾಟಲಿ ಕಾಲು ಎತ್ತಲಿ ಎಂದು ಅವಳ ಬೆನ್ನು ಬಗ್ಗಿಕೊಂಡೇ ಕಾದಿತ್ತು.

ಮಾರನೆಯ ಬೆಳಗ್ಗೆ ಬಂದಳು. ಗುಡಿಸಿದಳು, ಒರೆಸಿದಳು, ಪಾಯಿಖಾನೆ ತಿಕ್ಕಿದಳು, ಮಾದರಿ ದಿನಚರಿಯ ಗಾಜನ್ನೂ ಬಿಡದೆ ಒರೆಸಿದಳು. ಕೈಯನ್ನು ಸೋಪು ಹಾಕಿ ತೊಳೆದಳು. ಆಮೇಲೆ ಕಿಟಕಿಯ ಕುರ್ಚಿಯಿಂದ ಬಾಟಲಿಯನ್ನು ಎತ್ತಿ, ಹೊರಗೆ ಒಯ್ದು, ಮೆಟ್ಟಿಲ ಮೇಲೆ ತಾನು ಕೂರುತ್ತಿದ್ದ ಜಾಗದಲ್ಲಿ ಚಪ್ಪಲಿಗಳ ನಡುವೆ ಇಟ್ಟಳು. ಒಳಗೆ ಬಂದು ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದಳು.

ಜನ ಬರತೊಡಗಿದರು. ಒಬ್ಬೊಬ್ಬರಾಗಿ ನೋಡಿದರು, ಪಿಸುಗುಟ್ಟಿದರು, ಕೂತರು. ಅವಳು ಲೆಕ್ಕ ಮಾಡಿದಳು. ಕೆಲಸ ಮತ್ತು ಕಾಲದ ಲೆಕ್ಕಗಳು. ಇಷ್ಟು ಜನ ಸೇರಿ ಗೋಡೆ ಕಟ್ಟುತ್ತಾರೆ, ನಡುವೆ ಒಬ್ಬ ಬಿಟ್ಟುಹೋದರೆ ಉಳಿದವರು ಯಾವಾಗ ಮುಗಿಸುತ್ತಾರೆ ಎಂಬಂಥವು. ಮೆಟ್ಟಿಲ ಮೇಲೆ ದಿನವಿಡೀ ತಿಣುಕಿದರೂ ಬಗ್ಗದ ಲೆಕ್ಕ ಇಲ್ಲಿ ಕೂತ ಬೆನ್ನಿಗೇ ಬಿಚ್ಚಿಕೊಂಡಿತು. ಇನ್ನೊಂದು. ಅದೂ ಬಿಚ್ಚಿಕೊಂಡಿತು. ಪುಟ ತಿರುಗಿತು. ಬೆನ್ನಿಗೆ ಒರಗು, ಮೊಣಕೈಗೆ ಮೇಜು, ಕಾಗದದ ಮೇಲೆ ಬೆಳಕು. ಯಾರ ಹೆಜ್ಜೆ ಸದ್ದಿಗೂ ಕಿವಿ ಕೊಡಬೇಕಿಲ್ಲ.

ಹೊಟ್ಟೆಕಿಚ್ಚು ಇಳಿಯಬಹುದು ಎಂದುಕೊಂಡಿದ್ದಳು. ಏರಿತು. ಇವರಿಗೆ ದಿನಾ ಇದು ಇತ್ತು. ದಿನಾ ಇದನ್ನು ಇಟ್ಟುಕೊಂಡು ಇವರು ನಿದ್ದೆ ಮಾಡಿದರು. ಮಂದ ತಲೆ, ಮಂದ ತಲೆ ಎಂದು ಅವಳು ಇಷ್ಟು ವರ್ಷ ಬೈದುಕೊಂಡ ತಲೆ ಇಲ್ಲಿ, ಈ ಕುರ್ಚಿಯಲ್ಲಿ, ಸುಮ್ಮನೆ ಓಡುತ್ತಿತ್ತು. ಕಣ್ಣು ತುಂಬಿ ಅಂಕಿಗಳು ಕಲಸಿಕೊಂಡವು. ಸೆರಗಿನಿಂದ ಒತ್ತಿಕೊಂಡು ಮುಂದಿನ ಲೆಕ್ಕಕ್ಕೆ ಹೋದಳು.

ಮೇಷ್ಟ್ರು ಬಂದರು. ಬಾಗಿಲಲ್ಲೇ ನಿಂತರು. ಹತ್ತಿರ ಬಂದು, ಏನಮ್ಮ ಇದು, ಏಳು ಎಂದರು. ಅವಳು ಏಳಲಿಲ್ಲ. ಮೂರು ಸಲ ಹೇಳಿದರು. ಮೂರನೆಯ ಸಲ ಕೋಣೆಗೆಲ್ಲ ಕೇಳುವ ಹಾಗೆ ಹೇಳಿದರು.

“ಬಾಟಲಿ ಮೆಟ್ಟಿಲ ಮೇಲಿದೆ ಮೇಷ್ಟ್ರೇ,” ಎಂದಳು. “ಗಾಳಿ ಚೆನ್ನಾಗಿದೆ ಅಲ್ಲಿ.”

“ಹಾಗಾದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ.”

ಅವಳಿಗೆ ಅಮ್ಮನ ಬೆರಳು ನೆನಪಾಯಿತು. ನಾಳೆ ಕುರ್ಚಿಯಷ್ಟೇ ಅಲ್ಲ, ಮೆಟ್ಟಿಲೂ ಇರುವುದಿಲ್ಲ. ಪರೀಕ್ಷೆಗೆ ಉಳಿದ ದಿನಗಳನ್ನು ಎಲ್ಲಿ ಕೂತು ಓದುವುದು ಗೊತ್ತಿಲ್ಲ. ಆದರೂ ಪುಟದ ಮೇಲಿನ ಬೆರಳು ತೆಗೆಯಲಿಲ್ಲ. ಸರಿ ಎಂದಳು.

ಮೇಷ್ಟ್ರು ಫೋನ್ ಮಾಡಿದರು. ಸಾಹೇಬ್ರು ಬಂದರು. ತಲೆ ಬಾಚಿರಲಿಲ್ಲ, ಕೆನ್ನೆಯ ಮೇಲೆ ದಿಂಬಿನ ಗೆರೆ. ಗೋಡೆಯ ಮೇಲಿನ ದಿನಚರಿಯ ಪ್ರಕಾರ ಅದು ಗಣಿತದ ಹೊತ್ತು. ಅವನು ಆ ಹೊತ್ತಿಗೆ ಓದುಮನೆಗೆ ಬಂದದ್ದು ಅದೇ ಮೊದಲು. ಬರುವಾಗ ಮೆಟ್ಟಿಲಿನಿಂದ ಬಾಟಲಿ ಎತ್ತಿಕೊಂಡು ಬಂದಿದ್ದ. ಸಿಟ್ಟು ಮಾಡಲಿಲ್ಲ. ನಯವಾಗಿ ನಕ್ಕ.

“ಅಕ್ಕಾ, ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ದೆ.”

“ಯಾರನ್ನ ಕೇಳ್ಲಿ? ನೀವು ಇರಲ್ಲ, ಬಾಟಲಿ ಇರುತ್ತೆ. ನಿನ್ನೆ ಅದನ್ನೇ ಕೇಳಿದೆ. ಸಾರ್ ಅಂತಲೂ ಅಂದೆ. ಕಾಲು ಎತ್ತಲಿಲ್ಲ.”

ಗಡ್ಡದವನು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಈ ಸಲದ ನಗು ಯಾರ ಕಡೆಗೆಂದು ಸಾಹೇಬ್ರಿಗೆ ತಿಳಿಯಿತು. ಕಿವಿ ಕೆಂಪಾಯಿತು. ಬಾಟಲಿಯನ್ನು ಅವಳ ಪುಸ್ತಕದ ಪಕ್ಕ ಮೇಜಿನ ಮೇಲೆ ಕುಕ್ಕಿದ. ಮುಚ್ಚಳ ಸಡಿಲವಿತ್ತು. ಬಾಟಲಿ ಉರುಳಿತು. ನೀರು ಮೇಜು ದಾಟಿ ನೆಲಕ್ಕೆ ಸುರಿಯಿತು. ಯಾವ ಕಾಲದ ನೀರೋ. ಪಾಚಿಯ ನಾತ ಕೋಣೆಗೆಲ್ಲ ಹರಡಿತು. ನೀರು ಕುರ್ಚಿಗಳ ಕೆಳಗೆ, ಚೀಲಗಳ ಕಡೆಗೆ ಹರಿಯಿತು.

“ಅಕ್ಕಾ, ನೀರು,” ಎಂದಳು ಬಣ್ಣದ ಪೆನ್ನಿನ ಹುಡುಗಿ, ತನ್ನ ಚೀಲ ಎತ್ತಿಕೊಳ್ಳುತ್ತ.

ಅವಳ ತೊಡೆ ತಾನಾಗಿ ಬಿಗಿಯಿತು. ಕೈ ಸೊಂಟದಲ್ಲಿ ಸಿಕ್ಕಿಸಿದ್ದ ಬಟ್ಟೆಗೆ ಹೋಯಿತು. ಮೈ ಅರ್ಧ ಎದ್ದೇಬಿಟ್ಟಿತ್ತು. ಆ ಮೈಯನ್ನು ಅವಳು ಹಿಡಿದು ಕೂರಿಸಬೇಕಾಯಿತು. ಎರಡೂ ಕೈಯಿಂದ ಮೇಜಿನ ಅಂಚು ಹಿಡಿದಳು. ಕೂತಳು.

ಎಲ್ಲರೂ ಕಾದರು. ನೀರು ಮಾತ್ರ ನಿಧಾನವಾಗಿ ಹರಿಯುತ್ತಲೇ ಇತ್ತು.

“ಮೊದಲು ಒರೆಸಮ್ಮ,” ಎಂದರು ಮೇಷ್ಟ್ರು.

“ಬರಬೇಡ ಅಂದ್ರಲ್ಲ.”

“ನಾಳೆಯಿಂದ ಅಂದೆ.”

“ನಾನು ಇವತ್ತಿಂದಲೇ ಬಿಟ್ಟೆ.”

ಮೇಷ್ಟ್ರು ಸಾಹೇಬ್ರ ಮುಖ ನೋಡಿದರು. ಅವನು ತನ್ನ ಬಟ್ಟೆಗೆ ಸಿಡಿದ ನೀರನ್ನು ಕರವಸ್ತ್ರದಿಂದ ತಟ್ಟಿಕೊಳ್ಳುತ್ತಿದ್ದ. ಮೇಷ್ಟ್ರು ಗಡ್ಡದವನನ್ನು ನೋಡಿದರು. ಅವನು ಪುಸ್ತಕಕ್ಕೆ ಮುಖ ಹುದುಗಿಸಿದ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ನೀರು ಗೋಡೆಯ ಬುಡದ ವಿದ್ಯುತ್ ಪೆಟ್ಟಿಗೆಯ ಕಡೆ ತಿರುಗಿತು. ಮೇಷ್ಟ್ರು ಪಾಯಿಖಾನೆಯ ಕಡೆಗೆ ಹೋದರು. ಅಲ್ಲಿ ಏನು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬಕೆಟ್ ಉರುಳಿದ ಸದ್ದಾಯಿತು. ಪ್ಯಾಂಟಿನ ತುದಿ ಮಡಚಿಕೊಂಡು, ಕೋಲು ಕಟ್ಟಿದ ಮಾಪ್ ಹಿಡಿದು ಹೊರಗೆ ಬಂದರು.

ಬಾಗಿಲ ಕಡೆಯಿಂದ ಒರೆಸುತ್ತ ಬಂದರು. ಹಿಂಡಲು ಬರುತ್ತಿರಲಿಲ್ಲ, ನೀರು ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತಷ್ಟೆ. ಸೊಂಟ ಹಿಡಿದುಕೊಂಡರು. ಉಸಿರು ಬಿಟ್ಟರು. ಕಿಟಕಿಯ ಕುರ್ಚಿಯ ಹತ್ತಿರ ಬಂದು ನಿಂತರು. ಅವಳ ಪಾದದ ಸುತ್ತ ನೀರು ನಿಂತಿತ್ತು. ಹೇಳಲೋ ಬೇಡವೋ ಎಂದು ನೋಡಿದರು. ಬೇರೆ ದಾರಿ ಇರಲಿಲ್ಲ.

“ಕಾಲು ಎತ್ತಮ್ಮ,” ಎಂದರು.

ಅವಳು ಪುಸ್ತಕದಿಂದ ಕಣ್ಣು ತೆಗೆಯದೆ ಕಾಲು ಎತ್ತಿದಳು.